ಐದೂಕಾಲರ ಬಸ್ಸು

ಅಕ್ಕನ ಬಲಗೈ ಹೆಬ್ಬೆರಳಿಗೆ ಉಗುರು ಅಂತ ಇದ್ದದ್ದು ಅರ್ಧ ಮಾತ್ರ. ಬೀಡಿಯ ತುದಿ ಮಡಚಿ ಮಡಚಿ ಉಳಿದರ್ಧ ಸವೆದುಹೋಗಿತ್ತು. ತೋರುಬೆರಳು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು, ಎಷ್ಟು ಸಾಬೂನು ತಿಕ್ಕಿದರೂ ಬಿಳಿಯಾಗುತ್ತಿರಲಿಲ್ಲ. ಆ ಎರಡು ಬೆರಳುಗಳ ನಡುವೆ ಹರಿದ ಸಿನಿಮಾ ಟಿಕೆಟಿನ ತುಂಡೊಂದನ್ನು ಹಿಡಿದುಕೊಂಡು ಅವರು ನಮ್ಮೂರು ಎರ್ಮಾಳಿನಲ್ಲಿ ಬಸ್ಸಿಳಿದು ಬರುತ್ತಿದ್ದದ್ದು ಈಗಲೂ ನನ್ನ ಕಣ್ಣಮುಂದೆ ಇದೆ. ಟಿಕೆಟು ಬಿಸಾಡುವವರಲ್ಲ. ಮನೆ ಮುಟ್ಟಿದ ಮೇಲೆ ಅದನ್ನು ಜಗಲಿಯ ಹಂಚಿನ ಮಾಡಿನ ಸಂದಿಗೆ ಸಿಕ್ಕಿಸಿ, ಕೈಕಾಲು ತೊಳೆದು ಒಳಗೆ ಹೋಗುತ್ತಿದ್ದರು.

ಅವರು ನಮ್ಮ ನೆರೆಮನೆಯವರು. ರಕ್ತಸಂಬಂಧ ಏನೂ ಇಲ್ಲ, ಆದರೂ ನನಗೆ ಅವರು ಅಕ್ಕ. ನನ್ನ ಅಮ್ಮನಿಗೂ ಅಕ್ಕ, ಬೀಡಿ ಕಟ್ಟಲು ಅವರ ಜಗಲಿಗೆ ಬರುತ್ತಿದ್ದ ಹೆಂಗಸರಿಗೆಲ್ಲ ಅಕ್ಕನೇ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾನು ಪಿಯುಸಿ ಮುಗಿಸಿ, ಮುಂದೆ ಓದಿಸುವವರಿಲ್ಲದೆ, ಮೂತಿ ಉಬ್ಬಿಸಿಕೊಂಡು ಮನೆಯಲ್ಲಿದ್ದೆ. "ಮುಖಕ್ಕೆ ಗಂಟು ಹಾಕಿ ಕೂತರೆ ಎಂತ ಸಿಗ್ತದೆ? ಬೀಡಿಗಾದರೂ ಗಂಟು ಹಾಕು, ಬಾ" ಎಂದು ಅಕ್ಕನೇ ಕರೆದು, ಮಡಿಲಿಗೊಂದು ಮೊರದಂಥ ಗೆರಸೆ ಕೊಟ್ಟರು. ಹಾಗೆ ನಾನೂ ಆ ಜಗಲಿಯವಳಾದೆ.

ತಿಂಗಳಿಗೆ ಎರಡು ಸಲ ಅಕ್ಕ ಉಡುಪಿಗೆ ಹೋಗಿ ಮ್ಯಾಟಿನಿ ನೋಡುತ್ತಿದ್ದರು. ಬೆಳಿಗ್ಗೆ, ಕಟ್ಟಿದ ಬೀಡಿಯನ್ನು ಬೀಡಿ ಅಂಗಡಿಗೆ ಕೊಟ್ಟು, ಹೊಸ ಎಲೆ ತಂದು, ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಬಸ್ಸು ಹತ್ತುವುದು. ಬಂದು ಗೋಣಿ ಬಿಚ್ಚಿದರೆ ಎಲೆ ಕತ್ತರಿಸಲು ಹದವಾಗಿರುತ್ತಿತ್ತು. ಸಿನಿಮಾದ ಹುಚ್ಚಿನವರು ಎಂದರೆ ಅವರಿಗೆ ಸಿಟ್ಟು. "ನನಗೆಂತ ಹುಚ್ಚು ಮಾರಾಯ್ತಿ? ಅಲ್ಲಿ ಬೆನ್ನಿಗೆ ಒರಗು ಇರುವ ಕುರ್ಚಿ ಉಂಟು. ಮೂರು ಗಂಟೆ ಯಾರೂ ನನ್ನ ಹೆಸರು ಕರೆಯುವುದಿಲ್ಲ. ಅಷ್ಟೇ" ಎನ್ನುತ್ತಿದ್ದರು.

ಅಷ್ಟೇ ಅಂತೆ! ಮರುದಿನ ಜಗಲಿಯಲ್ಲಿ ಕೂತು ಆ ಸಿನಿಮಾದ ಕಥೆ ಹೇಳಲು ಶುರು ಮಾಡಿದರೆ ನಮ್ಮ ಕೈ ತಾನಾಗಿ ಓಡುತ್ತಿತ್ತು. ಕಥೆಗಿಂತ ಹೆಚ್ಚಿಗೆ ಅವರ ತೀರ್ಪು. ಹೊಡೆದಾಟದ ಸಿನಿಮಾ ನೋಡಿ ಬಂದರೆ, "ಹನ್ನೆರಡು ಜನರಿಗೆ ಹೊಡೆದ, ಅಂಗಿಯ ಒಂದು ಗುಂಡಿ ಕಿತ್ತುಹೋಗಲಿಲ್ಲ. ಆ ದರ್ಜಿ ಯಾರು ಅಂತ ಕೇಳಬೇಕಿತ್ತು" ಎನ್ನುವರು. ದೆವ್ವದ ಸಿನಿಮಾ ಎಂದರೆ ಅವರಿಗೆ ಭಯದ ಬದಲು ಬೇಸರ. "ನಾವು ಭೂತಕ್ಕೆ ಕೋಲ ಕೊಟ್ಟು, ಎದುರು ನಿಂತು ಮಾತಾಡಿಸುವವರು. ಇವರು ಒಂದು ಬಿಳಿ ಸೀರೆ ಕಂಡು ಓಡುತ್ತಾರಲ್ಲ! ನಿಂತು ಎಂತ ಬೇಕು ಅಂತ ಕೇಳಬಾರದಾ?" ದೇವರ ಸಿನಿಮಾದಲ್ಲಿ ನಿದ್ದೆ ಬರುತ್ತದೆ ಎಂದು ಕೆನ್ನೆಗೆ ಹೊಡೆದುಕೊಂಡು ಹೇಳುತ್ತಿದ್ದರು. ಹಿಂದಿ ಒಂದಕ್ಷರ ಬಾರದಿದ್ದರೂ ಹಿಂದಿ ಸಿನಿಮಾ ಬಿಡುತ್ತಿರಲಿಲ್ಲ, ಅಳುವುದು ಅರ್ಥವಾಗಲಿಕ್ಕೆ ಭಾಷೆ ಬೇಕಾ ಎನ್ನುವುದು ಅವರ ವಾದ. ತುಳು ಸಿನಿಮಾ ಬಂದಾಗ ಮಾತ್ರ ನಾವೆಲ್ಲ ಒಟ್ಟಿಗೆ ಹೋಗಿದ್ದೆವು. ಪರದೆಯ ಮೇಲೆ ನಮ್ಮದೇ ಮಾತು ಕೇಳಿ ನನಗೆ ಮೈ ಜುಮ್ಮೆಂದರೆ, ಅಕ್ಕ ಪಕ್ಕದಲ್ಲಿ ಗೊಣಗುತ್ತಿದ್ದರು: "ನೋಡು, ನೋಡು ಅವಳು ಬಂಗುಡೆ ಹಿಡಿದದ್ದು! ಮಲ್ಲಿಗೆ ಹಿಡಿದ ಹಾಗೆ."

ಒಮ್ಮೆ ಯಾವುದೋ ಪ್ರಶಸ್ತಿ ಬಂದ ಕಪ್ಪುಬಿಳುಪಿನ ಸಿನಿಮಾಕ್ಕೆ ಗೊತ್ತಿಲ್ಲದೆ ಹೋಗಿ ಕೂತರಂತೆ. ಹಾಡಿಲ್ಲ, ಮಾತೂ ಕಡಿಮೆ. "ಎಲೆಗೆ ನೀರು ಹಾಕಿ, ನೆನೆಯುವುದನ್ನೇ ನೋಡುತ್ತ ಕೂತ ಹಾಗಾಯಿತು" ಎಂದು ಬೈದರು. ಆದರೆ ಮೂರು ದಿನ ಕಳೆದು, ನೂಲು ಸುತ್ತುತ್ತ, ಯಾರೂ ಕೇಳದೆ ತಾವೇ ಹೇಳಿದರು: "ಅದರಲ್ಲಿ ಆ ಹೆಂಗಸು ಬಾವಿಯಿಂದ ನೀರು ಸೇದಿದ್ದು ಸರಿಯಿತ್ತು. ಅವಳಿಗೆ ಹಗ್ಗ ಹಿಡಿಯಲಿಕ್ಕೆ ಗೊತ್ತುಂಟು." ಇಷ್ಟು ದೊಡ್ಡ ಹೊಗಳಿಕೆ ಅವರ ಬಾಯಿಂದ ಮತ್ತೆ ಯಾವ ಸಿನಿಮಾಕ್ಕೂ ಬರಲಿಲ್ಲ.

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ. ಮ್ಯಾಟಿನಿ ಬಿಡುವಾಗ ಐದೂವರೆ ದಾಟುತ್ತಿತ್ತು. ಅಕ್ಕನಿಗೆ ಐದೂಕಾಲರ ಬಸ್ಸೇ ಆಗಬೇಕು. ಅದು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ ಕಾಯಬೇಕು, ಮನೆ ಮುಟ್ಟುವಾಗ ಕತ್ತಲು. ಮನೆಯಲ್ಲಿ ಅವರ ಅತ್ತೆ ಒಬ್ಬರೇ. ಅತ್ತೆಗೆ ಕಣ್ಣು ಪೂರ್ತಿ ಹೋಗಿತ್ತು, ಕಾಲೂ ಸ್ವಾಧೀನದಲ್ಲಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೊಸೆ ಗಂಜಿ ಕೊಡಬೇಕು. ಹಾಗಾಗಿ ಅಕ್ಕ ಯಾವ ಸಿನಿಮಾದಲ್ಲೂ ಕೊನೆಯ ಅರ್ಧ ಗಂಟೆ ನೋಡಿದವರಲ್ಲ. ನೋಡದ ಆ ಭಾಗವನ್ನು ತಾವೇ ಕಟ್ಟಿ ನಮಗೆ ಹೇಳುತ್ತಿದ್ದರು. ಇದು ನನಗೆ ಆಗ ಗೊತ್ತಿರಲಿಲ್ಲ, ತುಳು ಸಿನಿಮಾದ ದಿನ ಅವರು ಮೊದಲೇ ಎದ್ದು ಹೋದದ್ದು ಅದೊಂದು ಸಲ ಮಾತ್ರ ಅಂದುಕೊಂಡಿದ್ದೆ.

ಅಕ್ಕನ ಗಂಡ ಮದುವೆಯಾದ ಮೂರನೆಯ ವರ್ಷ ಬೊಂಬಾಯಿಗೆ ಕೆಲಸಕ್ಕೆ ಹೋದವರು. ಮೊದಮೊದಲು ಕಾಗದ ಬರುತ್ತಿತ್ತಂತೆ, ಆಮೇಲೆ ಅದೂ ಇಲ್ಲ. ಕುರುಡಿ ಅತ್ತೆ ಬಾಗಿಲ ಹಿಂದೆ ಚಾಪೆಯಲ್ಲಿ ಮಲಗಿದ್ದಲ್ಲಿಂದ ದಿನಾ ಸಂಜೆ ಕೇಳುತ್ತಿದ್ದರು:

"ಬಸ್ಸು ಬಂತಾ?"

"ಬಂತು ಅತ್ತೆ."

"ಯಾರೆಲ್ಲ ಇಳಿದರು?"

ಅಕ್ಕ ಇಳಿದವರನ್ನೆಲ್ಲ ಹೇಳುವರು. ಮೇಷ್ಟ್ರು ಇಳಿದರು, ಮೀನಿನ ಹೆಂಗಸರು ಇಳಿದರು, ಪಡುಬಿದ್ರಿಗೆ ಹೋಗುವವರು ಇಳಿಯಲಿಲ್ಲ. ಕೊನೆಗೆ, "ಇವತ್ತು ಇಲ್ಲ ಅತ್ತೆ" ಎನ್ನುವರು. "ಆಯಿತು, ನಾಳೆ ನೋಡುವಾ" ಎಂದು ಮುದುಕಿ ಗಂಜಿಗೆ ಕೈ ಚಾಚುವರು.

ಅಕ್ಕನ ಕಥೆಗಳಲ್ಲೂ ಊರು ಬಿಟ್ಟವನು ಯಾವನೇ ಇರಲಿ, ಕೊನೆಗೆ ತಿರುಗಿ ಬಂದೇ ಬರುತ್ತಿದ್ದ. ಬಂದು ಅಂಗಳದಲ್ಲಿ ನಿಂತು ಕುಡಿಯಲಿಕ್ಕೆ ನೀರು ಕೇಳುತ್ತಿದ್ದ. ದರೋಡೆಕೋರನ ಕಥೆಗೂ ಅದೇ, ಪ್ರೇಮದ ಕಥೆಗೂ ಅದೇ. ಒಳಗಿನಿಂದ ಅತ್ತೆಯ ನಿಟ್ಟುಸಿರು ಕೇಳುತ್ತಿತ್ತು. "ಪಾಪ, ಬಂದನಲ್ಲ" ಎನ್ನುತ್ತಿದ್ದರು.

ಬೊಂಬಾಯಿಯಲ್ಲಿ ಅಕ್ಕನ ಗಂಡನಿಗೆ ಬೇರೆ ಸಂಸಾರ ಉಂಟು ಎಂಬುದು ಊರಿಗೆಲ್ಲ ಗೊತ್ತಿತ್ತು. ಕಾಪುವಿನ ಯಾರೋ ಕಣ್ಣಾರೆ ನೋಡಿ ಬಂದು ಹೇಳಿದ್ದರು. "ಆ ಮನೆಯಲ್ಲಿ ಮಾತ್ರ ಬಾಯಿ ಬಿಡಬೇಡ" ಎಂದು ಅಮ್ಮ ನನಗೆ ಹತ್ತು ಸಲ ಹೇಳಿದ್ದಳು. ಅಕ್ಕನಿಗೆ ಇದು ಗೊತ್ತಿಲ್ಲ, ಆಸೆಯಿಂದ ಕಾಯುತ್ತಿದ್ದಾರೆ, ಅದಕ್ಕೇ ಅಂಥ ಕಥೆಗಳು ಅವರಿಗೆ ಇಷ್ಟ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಎಂಥ ಬುದ್ಧಿವಂತರು ನಾವು!

ಆ ಹೊತ್ತಿಗೆ ನನಗೆ ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅಲ್ಲೇ ಇಬ್ಬರು ಗೆಳತಿಯರೊಂದಿಗೆ ಕೋಣೆ ಮಾಡಿಕೊಂಡೆ. ಕೈಗೆ ಸಂಬಳ ಬಂತು, ತಲೆಗೆ ಕೊಂಬು ಬಂತು. ಒಂದು ಶನಿವಾರ ಗೆಳತಿಯರ ಜೊತೆ ಉಡುಪಿಯಲ್ಲಿ ಮ್ಯಾಟಿನಿಗೆ ಹೋದೆ. ಅಕ್ಕ ಜಗಲಿಯಲ್ಲಿ ಎರಡು ದಿನ ಹೇಳಿದ ಕಥೆಯ ಸಿನಿಮಾವೇ ಮತ್ತೆ ಬಂದಿತ್ತು. ನಾನು ಕೊನೆಯವರೆಗೂ ನೋಡಿದೆ. ಮರುದಿನ ಆದಿತ್ಯವಾರ ಊರಿಗೆ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಆ ಜಗಲಿಗೆ ಹೋದೆ. ಐದು ಹೆಂಗಸರು ಕೂತಿದ್ದರು, ನನ್ನ ಅಮ್ಮನೂ ಇದ್ದಳು.

"ಅಕ್ಕಾ, ನೀವು ನಮಗೆಲ್ಲ ಟೋಪಿ ಹಾಕಿದ್ದೀರಿ" ಎಂದು ನಗುತ್ತ ಶುರು ಮಾಡಿದೆ. "ಅವನು ಬರುವುದೇ ಇಲ್ಲ. ನೀರು ಕೇಳುವುದೂ ಇಲ್ಲ, ಎಂತದೂ ಇಲ್ಲ. ಅವನಿಗೆ ಪಟ್ಟಣದಲ್ಲಿ ಬೇರೆ ಹೆಂಡತಿ, ಇಬ್ಬರು ಮಕ್ಕಳು ಉಂಟು. ಇವಳು ಸುಮ್ಮನೆ ಕಾದದ್ದು."

ಬಾಯಿಂದ ಬಿದ್ದ ಮೇಲೆ ನನಗೆ ಹೊಳೆಯಿತು, ನಾನು ಎಂತ ಹೇಳಿದೆ ಅಂತ. ಎಲ್ಲರ ಕತ್ತರಿ ನಿಂತಿತು. ಅಮ್ಮ ನನ್ನ ಕೈ ಹಿಡಿದು ಎಳೆದಳು. ಒಳಗಿನಿಂದ ಮುದುಕಿಯ ಸ್ವರ ಬಂತು.

"ಯಾರಿಗೆ ಮಗಾ, ಬೇರೆ ಹೆಂಡತಿ?"

ಅಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ, ಗಂಟು ಹಾಕಿ, ಗೆರಸೆಗೆ ಇಟ್ಟರು. "ಸಿನಿಮಾದಲ್ಲಿ ಅತ್ತೆ, ಸಿನಿಮಾದಲ್ಲಿ" ಎಂದರು.

"ಹೌದಾ" ಎಂದರು ಅತ್ತೆ.

ಎಲ್ಲರೂ ಎದ್ದು ಹೋದ ಮೇಲೆ ನಾನು ಬಾವಿಕಟ್ಟೆಯ ಹತ್ತಿರ ಹೋಗಿ ನಿಂತೆ. ಬೈಯಲಿ, ಎರಡು ಹೊಡೆಯಲಿ ಎಂದುಕೊಂಡಿದ್ದೆ. ಅಕ್ಕ ಕೊಡಪಾನ ತುಂಬಿಸುತ್ತ ಮೆಲ್ಲಗೆ ಹೇಳಿದರು: "ನನಗೆ ಗೊತ್ತಿಲ್ಲ ಅಂತ ಅಂದುಕೊಂಡಿದ್ದೀರಾ ನೀವೆಲ್ಲ? ಬೊಂಬಾಯಿಯದ್ದು ನನಗೆ ಯಾವಾಗಲೋ ಗೊತ್ತುಂಟು. ಕಥೆಯ ಕೊನೆ ನಿಮಗೆ ಹೇಳುತ್ತಿದ್ದದ್ದಲ್ಲ ಮಾರಾಯ್ತಿ. ಒಳಗೆ ಮಲಗಿದವರಿಗೆ." ನನಗೆ ಅಳು ಬಂತು. "ಅಳಬೇಡ, ಅವರಿಗೆ ಕೇಳಿಸ್ತದೆ" ಎಂದರು.

ಅಂದು ಸಂಜೆ ಬಸ್ಸು ಬಂತು. ಅತ್ತೆ ಏನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಮತ್ತೆಂದೂ ಕೇಳಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ವರ್ಷ ಕಳೆದ ಮೇಲೆ, ಈಗಾದರೂ ಒಂದು ಸಿನಿಮಾ ಪೂರ್ತಿ ನೋಡಲಿ ಎಂದು ನಾನೇ ಒತ್ತಾಯ ಮಾಡಿ ಅಕ್ಕನನ್ನು ಕರೆದುಕೊಂಡು ಹೋದೆ. ಬೇಕೆಂದೇ ನಗೆಯ ಸಿನಿಮಾ ಆರಿಸಿದ್ದೆ. ಐದು ಗಂಟೆಯಾಗುವಾಗ ಅಕ್ಕ ಅಭ್ಯಾಸಬಲದಿಂದ ಎದ್ದರು. ನಾನು ಸೆರಗು ಹಿಡಿದು ಕೂರಿಸಿದೆ. ಕೊನೆಗೆ ದೀಪ ಹತ್ತಿತು, ಜನ ಎದ್ದರು, ಅಕ್ಕ ಕೂತೇ ಇದ್ದರು. "ಇಷ್ಟೇಯಾ?" ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ ಕೂತಾಗ ಟಿಕೆಟಿನ ತುಂಡನ್ನು ನೋಡಿ, ಕೆಳಗೆ ಬಿಟ್ಟುಬಿಟ್ಟರು. ಅವರು ಟಿಕೆಟು ಬಿಸಾಡಿದ್ದು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಅವರು ಟಾಕೀಸಿಗೆ ಹೋಗಲಿಲ್ಲ.

ಎಂಬತ್ತರ ದಶಕದ ನಡುವೆ ಅಕ್ಕನ ಎದೆ ಕೆಟ್ಟಿತು. ಅಷ್ಟು ವರ್ಷದ ಹೊಗೆಸೊಪ್ಪಿನ ಧೂಳು, ಕೆಮ್ಮಿದರೆ ನಿಲ್ಲುತ್ತಿರಲಿಲ್ಲ. ಉಡುಪಿಯ ಆಸ್ಪತ್ರೆಗೆ ಸೇರಿಸಿದೆವು. ಮಧ್ಯಾಹ್ನದ ಮೇಲೆ ರಜೆ ಕೇಳಿ ನಾನು ಹೋಗಿ ಕೂರುತ್ತಿದ್ದೆ. ಒಂದು ದಿನ ನನ್ನ ಕೈ ಹಿಡಿದು ಹೇಳಿದರು:

"ಅತ್ತೆಗೆ ಗೊತ್ತಿತ್ತು ಮಗಾ."

"ಎಂತದು?"

"ಎಲ್ಲ. ನೀನು ಹೇಳುವ ಎಷ್ಟೋ ವರ್ಷ ಮೊದಲೇ ಮೀನಿನ ಹೆಂಗಸೊಬ್ಬಳು ಅವರ ಕಿವಿಗೆ ಹಾಕಿದ್ದಳಂತೆ. ಸಾಯುವ ಮೊದಲು ಅವರೇ ಹೇಳಿದರು. 'ಬೊಂಬಾಯಿಯದ್ದು ನಿನಗೆ ಗೊತ್ತಾಗುವುದು ಬೇಡ ಅಂತ ನಾನು ದಿನಾ ಬಸ್ಸಿನ ವಿಷಯ ಕೇಳಿದ್ದು' ಅಂತ ನನಗೆ ಅಂದರು."

ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. "ಹಾಗಾದರೆ ನನ್ನಿಂದ ಅವರಿಗೆ ಹೊಸತಾಗಿ ಏನೂ..." ಎಂದೆ.

ಅಕ್ಕ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಹೊಸತೇನೂ ಅಲ್ಲ. ಆದರೆ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಸಂಜೆಗೆ ನಮಗೊಂದು ಮಾತು ಇತ್ತು. ಆ ಆದಿತ್ಯವಾರದ ಮೇಲೆ ಗಂಜಿ ಬೇಕಾ, ಗಂಜಿ ಸಾಕಾ, ಅಷ್ಟೇ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಒಳ್ಳೆಯದಿತ್ತು.

ಆಮೇಲೆ ನಾನೊಂದು ಮಳ್ಳು ಕೆಲಸ ಮಾಡಿದೆ. ಹೋದವನು ನಿಜವಾಗಿಯೂ ತಿರುಗಿ ಬರುವ ಸಿನಿಮಾ ಒಂದಾದರೂ ಇರಬೇಕಲ್ಲ ಎಂದು ಹುಡುಕಲು ಹೊರಟೆ. ಕಂಡಕಂಡವರನ್ನು ಕೇಳಿದೆ. ಕಾರ್ಕಳದ ಟಾಕೀಸಿಗೆ ಹಳೆಯದೊಂದು ಬಂದಿದೆ, ಅದು ಅಂಥ ಕಥೆ ಎಂದು ಕಚೇರಿಯ ಒಬ್ಬರು ಹೇಳಿದರು. ರಜೆ ಹಾಕಿ, ಬಸ್ಸು ಹಿಡಿದು ಹೋಗಿ, ಮುಗಿಯುವವರೆಗೂ ಅಲುಗಾಡದೆ ನೋಡಿದೆ. ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಓಡಿದೆ.

"ಅಕ್ಕಾ, ಇವತ್ತು ನಾನು ಕಥೆ ಹೇಳುವುದು, ನೀವು ಕೇಳುವುದು."

ಅವರ ಕಣ್ಣು ಅರಳಿತು. "ಹೊಡೆದಾಟ ಉಂಟಾ?"

"ಒಂದೇ ಒಂದು."

"ಅಂಗಿ ಹರಿಯಿತಾ?"

"ಹರಿಯಿತು ಅಕ್ಕ. ತೋಳು ಪೂರ್ತಿ ಹರಿಯಿತು."

"ಹಾಗಾದರೆ ಒಳ್ಳೆಯ ಸಿನಿಮಾ. ಹೇಳು."

ಹೇಳಿದೆ. ಒಂದು ಹಾಡನ್ನೂ ಬಿಡದೆ, ಅವರು ಹೇಳುತ್ತಿದ್ದ ಹಾಗೆಯೇ ನಿಧಾನಕ್ಕೆ ಹೇಳಿದೆ. ಅಕ್ಕನ ಬೆರಳುಗಳು ಹೊದಿಕೆಯ ಅಂಚನ್ನು ಬೀಡಿಯ ಹಾಗೆ ಸುರುಳಿ ಸುತ್ತುತ್ತಿದ್ದವು. ಅವನು ಊರು ಬಿಟ್ಟ. ವರ್ಷಗಳು ಹೋದವು. ಹೆಂಡತಿಯ ಕೂದಲು ನೆರೆಯಿತು. ಒಂದು ಸಂಜೆ ಅವಳು ಅಂಗಳ ಗುಡಿಸುತ್ತಿದ್ದಾಳೆ. ಇನ್ನು ಎರಡೇ ಮಾತು ಉಳಿದಿತ್ತು.

ಅಕ್ಕ ಕಿಟಕಿಯ ಕಡೆ ತಿರುಗಿ ಬಿಸಿಲು ನೋಡಿದರು. "ಗಂಟೆ ಎಷ್ಟಾಯಿತು ಮಗಾ?"

"ಐದು ದಾಟಿತು."

"ಹಾಗಾದರೆ ಸಾಕು" ಎಂದರು. "ನಾನು ಏಳಬೇಕು. ಬಸ್ಸಿಗೆ ಹೊತ್ತಾಯಿತು."

"ಇನ್ನು ಸ್ವಲ್ಪವೇ ಇರುವುದು ಅಕ್ಕಾ, ಕೇಳಿ."

ಅವರು ಬೇಡ ಎಂದು ಕೈ ಆಡಿಸಿ, ಕಣ್ಣು ಮುಚ್ಚಿದರು. ನಾಳೆ ಹೇಳಿದರಾಯಿತು ಎಂದು ನಾನು ಹೊದಿಕೆ ಸರಿಮಾಡಿ ಬಂದೆ. ಮರುದಿನ ಬೆಳಿಗ್ಗೆ ಅಮ್ಮ ಕಚೇರಿಗೆ ಫೋನ್ ಮಾಡಿಸಿದಳು. ನಾನು ಹೋಗುವಾಗ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಅರ್ಧ ಉಗುರಿನ ಹೆಬ್ಬೆರಳು ಮಾತ್ರ ಹೊರಗಿತ್ತು.

ಆ ಸಿನಿಮಾದಲ್ಲಿ ಅವನು ಬರುತ್ತಾನೆ ಅಕ್ಕ. ನಾನು ಕಟ್ಟಿದ್ದಲ್ಲ, ಕಣ್ಣಾರೆ ನೋಡಿದ್ದು. ಅಂಗಳದಲ್ಲಿ ನಿಂತು ನೀರು ಕೇಳುತ್ತಾನೆ.