ಬಚ್ಚಲು ನಮ್ಮದು, ಸೀಲಿಂಗು ಅವರದು

ಬೆಳಿಗ್ಗೆ ದೇವರಿಗೆ ಹೂವಿಟ್ಟು ಬಾಗಿಲು ತೆರೆದರೆ ಮೆಟ್ಟಿಲ ಮೇಲೆಲ್ಲ ಹಸಿ ಸಿಮೆಂಟಿನ ವಾಸನೆ. ನಾಲ್ಕನೆಯ ಮಾಳಿಗೆಯವರು, ಅಂದರೆ ಸರಿಯಾಗಿ ನಮ್ಮ ತಲೆಯ ಮೇಲಿನವರು, ಬಚ್ಚಲು ಒಡೆಸುತ್ತಿದ್ದಾರೆ. ಬೇರೆ ಹೆಂಗಸರಿಗೆ ಮಲ್ಲಿಗೆಯ ಪರಿಮಳಕ್ಕೆ ತವರು ನೆನಪಾಗುತ್ತದಂತೆ. ನನಗೆ ಸಿಮೆಂಟಿನ ವಾಸನೆಗೆ ಕಾಕು ನೆನಪಾಗುತ್ತಾರೆ. ನಗಬೇಡಿ, ಹೇಳುತ್ತೇನೆ.

ಕಾಕು ನಮ್ಮ ಕೆಳಗಿನ ಮನೆಯ ಮರಾಠಿ ಹೆಂಗಸು. ಅವರ ನಿಜವಾದ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಇದೆ. ಡೊಂಬಿವಲಿಯ ನಮ್ಮ ಕಟ್ಟಡಕ್ಕೆಲ್ಲ ಅವರು ಕಾಕುವೇ, ಅಂದರೆ ಚಿಕ್ಕಮ್ಮ. ಮದುವೆಯಾಗಿ ಬಂದ ವಾರ ನನಗೆ ಲೋಕಲ್ ಟ್ರೇನು ಹತ್ತುವುದನ್ನೂ, ಹತ್ತುವುದಕ್ಕಿಂತ ಕಷ್ಟವಾದ ಇಳಿಯುವುದನ್ನೂ ಕಲಿಸಿದವರು. ಅಂಥವರ ಹಾಲಿನ ಮೂಲೆಯಲ್ಲಿ, ಆರು ವರ್ಷದ ಹಿಂದೆ ಒಂದು ಬೇಸಿಗೆ, ಸೀಲಿಂಗು ಒದ್ದೆಯಾಗತೊಡಗಿತು. ನೀರು ನಮ್ಮ ಬಚ್ಚಲಿನದು. ಮೂಲೆ ಯಾವುದು ಗೊತ್ತೇ? ಪ್ರತಿ ಚೌತಿಗೆ ಅವರ ಒಂದೂವರೆ ದಿನದ ಗಣಪತಿ ಕೂರುವ ಮೂಲೆ.

ಕಾಕು ಜಗಳ ಮಾಡಲಿಲ್ಲ. ಮಾಡಿದ್ದರೆ ಸುಲಭವಿತ್ತು, ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಒಂದು ದಿನ ತರಕಾರಿ ಗಾಡಿಯ ಹತ್ತಿರ ಮೆಂತೆಸೊಪ್ಪು ಆರಿಸುತ್ತ, ನನ್ನ ಮುಖ ನೋಡದೆ, "ಯಂದಾ ಗಣಪತಿ ದಿರಾಂಕಡೆ" ಎಂದರು. ಈ ಸಲ ಗಣಪತಿ ಪಕ್ಕದೂರು ಕಲ್ಯಾಣದಲ್ಲಿ, ಮೈದುನನ ಮನೆಯಲ್ಲಿ. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತುಳಸಿಗೆ ನೀರು ಹಾಕದೆ ಕಾಫಿ ಕುಡಿಯದವಳು ನಾನು. ನನ್ನ ಸ್ನಾನದ ನೀರು ಒಬ್ಬರ ಮನೆಯ ದೇವರನ್ನೇ ಎಬ್ಬಿಸಿತಲ್ಲ! ಚೌತಿಗೆ ನಾಲ್ಕು ತಿಂಗಳಿತ್ತು.

ನಮ್ಮವರು ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆಗಳ ಪ್ರದೇಶದಲ್ಲಿ ಆಫೀಸಿನವರು, ಎಲ್ಲದಕ್ಕೂ ಕ್ರಮ ಬೇಕು. "ಮೂರು ಜನರನ್ನು ಕರೆಸುವಾ. ಮೂವರ ಹತ್ತಿರವೂ ಸರಿಯಾಗಿ ಕೇಳುವಾ" ಎಂದರು. ನಾನು ಮಾತ್ರ ದೇವರ ಮುಂದೆ ಕೈಮುಗಿದು, ಒಬ್ಬ ಒಳ್ಳೆಯವನನ್ನು ಕಳಿಸಪ್ಪಾ ಎಂದು ಬೇಡಿಕೊಂಡೆ. ನಮ್ಮ ಭಜನೆಯ ಗುಂಪಿನವರೊಬ್ಬರ ಕಡೆಯಿಂದ ಕಾಂಟ್ರಾಕ್ಟರ್ ಸುಧಾಕರಣ್ಣ ಬಂದರು. ಹಣೆಯಲ್ಲಿ ಗಂಧ. ಚಪ್ಪಲಿ ಹೊರಗೆ ಬಿಟ್ಟು, ಮೊದಲು ದೇವರ ಗೂಡಿಗೆ ಕೈಮುಗಿದು, ಆಮೇಲೆ ಬಚ್ಚಲು ನೋಡಿದರು. ನನ್ನ ಮನಸ್ಸಿನಲ್ಲಿ ಅಲ್ಲಿಗೇ ಪರೀಕ್ಷೆ ಪಾಸಾಗಿತ್ತು.

"ಅಕ್ಕಾ, ಊರಲ್ಲಿ ನಿಮ್ಮದು ಎಲ್ಲಿ ಆಯ್ತು?" ಎಂದು ಕೇಳಿದರು. ಹೇಳಿದೆ.

"ಹೋ! ಅಲ್ಲಿಂದ ಎರಡೇ ಸ್ಟಾಪು ನನ್ನ ಅಮ್ಮನ ಮನೆ!"

ಇನ್ನು ಕೇಳುವುದಕ್ಕೆ ಏನು ಉಳಿಯಿತು ಹೇಳಿ! ನಮ್ಮವರು ಮೆಲ್ಲಗೆ, "ಇದರ ಮೊದಲು ಎಲ್ಲೆಲ್ಲ ಕೆಲಸ ಮಾಡಿದ್ದೀರಿ?" ಎಂದು ಬಾಯಿ ತೆರೆದರು. ನಾನು ಕಣ್ಣು ಬಿಟ್ಟು ಹೆದರಿಸಿ, ಸುಧಾಕರಣ್ಣನ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕಿದೆ. ಅವರು ಹೋದ ಮೇಲೆ, "ಊರಿನವರ ಹತ್ತಿರ ಹಾಗೆ ಪೊಲೀಸರ ಹಾಗೆ ಕೇಳುವುದಾ? ನಾಳೆ ಊರಿಗೆ ಮುಖ ತೋರಿಸ್ಲಿಕ್ಕೆ ಉಂಟಾ?" ಎಂದು ಬೈದೆ. ನಮ್ಮ ಕರಾವಳಿಯವರಿಗೆ ಇದೊಂದು ಕಾಯಿಲೆ. ಮನೆಯ ಹೆಸರು ಗೊತ್ತಾದರೆ ಮನುಷ್ಯ ಗೊತ್ತಾದ ಹಾಗೆ, ಮನುಷ್ಯ ಗೊತ್ತಾದರೆ ಕೆಲಸವೂ ಗೊತ್ತಾದ ಹಾಗೆ.

ನಾಲ್ಕೇ ದಿನದಲ್ಲಿ ಹಳೆಯ ಟೈಲ್ಸಿನ ಮೇಲೆ ಹೊಸ ಟೈಲ್ಸು ಕೂತಿತು. ಬಿಳಿ ಮೈ, ನೀಲಿ ಹೂವು. ಅಷ್ಟು ಚಂದದ ಬಚ್ಚಲಿನಲ್ಲಿ ಸ್ನಾನ ಮಾಡಲು ನನಗೇ ಸಂಕೋಚ. ಇಪ್ಪತ್ತು ದಿನ ಕಳೆಯಿತು. ಕಾಕುವಿನ ಮೂಲೆಯ ಕಲೆ ದೋಸೆಯಷ್ಟಿದ್ದದ್ದು ಹಿಟ್ಟು ಕಲಸುವ ಪರಾತದಷ್ಟಾಯಿತು. ಸುಧಾಕರಣ್ಣನಿಗೆ ಫೋನು ಮಾಡಿದೆ.

"ಅಕ್ಕಾ, ಅದು ಮಳೆ ನೀರು."

"ಮಳೆ ಇನ್ನೂ ಬರಲೇ ಇಲ್ಲವಲ್ಲ ಸುಧಾಕರಣ್ಣ?"

"ಬರ್ತದೆ ಅಕ್ಕಾ."

ಮೋಸಗಾರರೇನಲ್ಲ, ಪಾಪ. ಮುಂದಿನ ವರ್ಷ ಊರಿನಿಂದ ಹಲಸಿನ ಹಪ್ಪಳ ತಂದುಕೊಟ್ಟರು. ಅವರಿಗೆ ನೀರಿನ ಕೆಲಸ ಬರುತ್ತಿರಲಿಲ್ಲ, ಅಷ್ಟೆ. ನಾನು ಅದನ್ನು ಕೇಳಿರಲೂ ಇಲ್ಲ. ದೇವರು ನನಗೆ ಎರಡು ಕಣ್ಣು ಕೊಟ್ಟಿದ್ದ. ನಾನು ಅವನ್ನು ಮುಚ್ಚಿಕೊಂಡು, ದಾರಿ ತೋರಿಸು ಅನ್ನುತ್ತಿದ್ದೆ.

ಚೌತಿಗೆ ಒಂದೇ ತಿಂಗಳು ಉಳಿದಾಗ ನಮ್ಮವರ ಆಫೀಸಿನವರೊಬ್ಬರು ಶರಣಪ್ಪ ಎಂಬ ಮೇಸ್ತ್ರಿಯನ್ನು ಕಳಿಸಿದರು. ಕಲಬುರಗಿಯ ಕಡೆಯವರು, ಶಹಾಡಿನಲ್ಲಿ ವಾಸ. ಹಣೆ ಖಾಲಿ. ಚಹಾ ಬೇಡವೆಂದರು. ದೇವರ ಗೂಡಿನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮನಸ್ಸಿನಲ್ಲೇ ಫೇಲ್ ಮಾಡಿಬಿಟ್ಟೆ. ಅವರು ಬಗ್ಗಿ ನೀಲಿ ಹೂವಿನ ಮೇಲೆ ಬೆರಳಿನಿಂದ ಕುಟ್ಟಿ, ಶಬ್ದ ಕೇಳಿ, "ಯಾರ್ ಮಾಡ್ಯಾರ್ರೀ ಇದನ್ನ? ಗಾಯ ತೊಳೀದನ ಪಟ್ಟಿ ಕಟ್ಯಾರ" ಎಂದರು.

ಸುಟ್ಟ ಕೈಯಲ್ಲವೇ, ಈ ಸಲ ನಾನೇ ಪೊಲೀಸಳಾದೆ. "ನೀವು ಕೆಲಸ ಮಾಡಿದ ಎರಡು ಮನೆ ಹೇಳಿ, ಹೋಗಿ ನೋಡಿ ಬರ್ತೇನೆ."

"ಆ ಮನಿಗೆ ಹೋಗಬ್ಯಾಡ್ರಿ ಅಕ್ಕಾರ. ಅಲ್ಲಿ ಬರೇ ಟೈಲ್ಸ್ ಕಾಣ್ತಾವು. ಅದರ ಕೆಳಗಿನ ಮನಿಗೆ ಹೋಗಿ ಮ್ಯಾಲೆ ನೋಡ್ರಿ."

ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಇದು ಹೊಳೆದಿರಲಿಲ್ಲ! ಆಮೇಲೆ ನನ್ನ ಕುತೂಹಲವನ್ನು ಹಿಡಿಯುವವರಿರಲಿಲ್ಲ. ಅವರು ಕೊಟ್ಟ ವಿಳಾಸ ಹಿಡಿದು, ಐರೋಲಿಯಲ್ಲಿ ಪರಿಚಯವೇ ಇಲ್ಲದ ಒಂದು ಮನೆಯ ಬೆಲ್ಲು ಒತ್ತಿ, ನಿಮ್ಮ ಸೀಲಿಂಗು ನೋಡಬೇಕಿತ್ತು ಎಂದೆ. ರಿಟೈರಾದ ಯಜಮಾನರು ಒಂದು ಕ್ಷಣ ನನ್ನನ್ನು ನೋಡಿ, ಒಳಗೆ ತಿರುಗಿ ಮರಾಠಿಯಲ್ಲಿ ಹೆಂಡತಿಯನ್ನು ಕೂಗಿದರು: "ಅಗಂ, ಬಾ ಬೇಗ! ನಮ್ಮ ಮನೆಯಲ್ಲಿ ನೋಡುವಂಥದ್ದು ಒಂದಿದೆಯಂತೆ!" ಮೂವರೂ ಕತ್ತು ಎತ್ತಿ ನಿಂತೆವು. ಒಣಗಿದ, ಬೆಳ್ಳಗಿನ, ಯಾವ ಕಥೆಯೂ ಇಲ್ಲದ ಸೀಲಿಂಗು. ಆ ತಾಯಿ ಕೋಕಮ್ ಶರಬತ್ತು ಕೊಟ್ಟರು. ಕಲ್ಯಾಣದ ಎರಡನೆಯ ಮನೆಯಲ್ಲೂ ಮೇಲೆ ಒಣಗಿತ್ತು, ಕೆಳಗೆ ಚಹಾ ಸಿಕ್ಕಿತು. ಗಂಧವಿಲ್ಲದ ಹಣೆಯನ್ನು ದೇವರು ಕ್ಷಮಿಸಿರುತ್ತಾನೆ ಎಂದುಕೊಂಡು ಶರಣಪ್ಪನವರಿಗೆ ಹೂಂ ಎಂದೆ.

ಅವರು ನೆಲವನ್ನು ಬುಡದವರೆಗೆ ಅಗೆದರು. ನೀರು ಹೋಗುವ ಪೈಪಿನ ಸಂದಿನಲ್ಲೇ ಬಿರುಕಿತ್ತು. ಅದನ್ನು ಸರಿಮಾಡಿ, ನೀರು ತಡೆಯುವ ಮಸಾಲೆ ಬಳಿದು, ಪೈಪಿನ ಬಾಯಿಗೆ ಬಟ್ಟೆ ತುರುಕಿ, ಬಚ್ಚಲಿನ ತುಂಬ ನೀರು ನಿಲ್ಲಿಸಿದರು. ಕೆಳಗೆ ಕಾಕುವಿನ ಸೀಲಿಂಗಿನಲ್ಲಿ ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. "ಮೂರು ದಿನ ಹಿಂಗ ಇರಬೇಕ್ರಿ. ಗೆರಿ ದಾಟಲಿಲ್ಲ, ಒಣಗಾಕ ಹತ್ತು ಅಂದ್ರ ಮಾತ್ರ ಟೈಲ್ಸ್."

ಮೂರು ದಿನ! ಸ್ನಾನವಿಲ್ಲದೆ ನಾನು ದೇವರ ದೀಪ ಹಚ್ಚುವುದು ಹೇಗೆ? ಇದನ್ನೇ ಚಿಂತಿಸುತ್ತ ಕೂತಿದ್ದೆ. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಬೆಲ್ಲಾಯಿತು. ಬಾಗಿಲಲ್ಲಿ ಕಾಕು. "ಪಾಣೀ ತಾಪಲಂಯ್. ಯೇ." ನೀರು ಕಾದಿದೆ, ಬಾ. ತಿಂಗಳುಗಳ ಮೇಲೆ ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು. ನಾನು ಟವೆಲು ಹಿಡಿದು ಮೆಟ್ಟಿಲಿಳಿದೆ. ಮೇಲೆ ನಮ್ಮ ನೀರು ನಿಂತಿದೆ, ಕೆಳಗೆ ಅವರ ಬಿಸಿನೀರು ನನ್ನ ತಲೆಯ ಮೇಲೆ ಬೀಳುತ್ತಿದೆ. ಕಣ್ಣಲ್ಲಿ ಬಂದದ್ದು ಯಾವ ನೀರೋ, ಸೋಪು ಇತ್ತು, ಹೇಳಲಾರೆ.

ದಿನವೂ ಸ್ನಾನ ಮುಗಿಸಿ ಇಬ್ಬರೂ ಮೂಲೆಯಲ್ಲಿ ನಿಂತು ಪೆನ್ಸಿಲಿನ ಗೆರೆ ನೋಡುತ್ತಿದ್ದೆವು. ಮೂರನೆಯ ದಿನ ಕಾಕು ಸ್ಟೂಲು ಹತ್ತಿ ಅಂಗೈ ಒತ್ತಿದರು. ಆ ಅಂಗೈಯನ್ನು ಕೆನ್ನೆಗೆ ಇಟ್ಟುಕೊಂಡು, "ಕೋರಡಂ" ಎಂದರು. ಒಣಗಿದೆ. ಸ್ಟೂಲಿನಿಂದ ಇಳಿದವರೇ ಕಲ್ಯಾಣಕ್ಕೆ ಫೋನು ಹಚ್ಚಿ, ಗಣಪತಿ ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತಾನೆ ಎಂದು ಮೈದುನನಿಗೆ ಹೇಳಿದರು. ಆ ಚೌತಿಯ ಆರತಿಯಲ್ಲಿ ಎಲ್ಲರೂ ಕಣ್ಣುಮುಚ್ಚಿ ನಿಂತಿದ್ದರು. ನಾನೊಬ್ಬಳು, ದೇವರು ಕ್ಷಮಿಸಲಿ, ಸೀಲಿಂಗು ನೋಡುತ್ತಿದ್ದೆ.

ಇವತ್ತು ಅಡುಗೆ ಮುಗಿಸಿ ನಾಲ್ಕನೆಯ ಮಾಳಿಗೆಗೆ ಹತ್ತಿದೆ. ಹೊಸದಾಗಿ ಬಂದ ಗಂಡಹೆಂಡತಿ. ಹುಡುಗಿಯ ತಂದೆ ಕುಂದಾಪುರದ ಕಡೆಯವರು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಕಾಂಟ್ರಾಕ್ಟರ್ ಯಾರು ಮಗಾ?"

"ಪಪ್ಪಾ ಕೇ ಗಾಂವ್ ಕೇ ಹೈಂ, ಆಂಟಿ!" ಅಪ್ಪನ ಊರಿನವರಂತೆ. ಮುಖದಲ್ಲಿ ಎಷ್ಟು ಹೆಮ್ಮೆ! ಕನ್ನಡಿ ನೋಡಿದ ಹಾಗಾಯಿತು ನನಗೆ.

"ಒಳ್ಳೆಯದು. ಟೈಲ್ಸು ಹಾಕುವ ಮೊದಲು ಮೂರು ದಿನ ನೀರು ನಿಲ್ಲಿಸಲಿಕ್ಕೆ ಹೇಳು."

"ತೀನ್ ದಿನ್? ನಹಾಯೇಂಗೇ ಕಹಾಂ?"

"ಸ್ನಾನ ನಮ್ಮಲ್ಲಿ. ಆರು ಗಂಟೆಗೆ ನೀರು ಕಾದಿರ್ತದೆ, ಇಬ್ಬರೂ ಬನ್ನಿ."

ನನಗೇಕೆ ಇಷ್ಟು ಚಿಂತೆ ಎಂದು ಅವಳು ನಕ್ಕಳು. "ಆಪ್ ಕೋ ಇತ್ನಾ ಟೆನ್ಶನ್ ಕ್ಯೂಂ, ಆಂಟಿ?"

"ನಾನು ಕೆಳಗಿನ ಮನೆಯವಳಲ್ವಾ ಮಾರಾಯ್ತಿ" ಎಂದೆ. ಹುಡುಗಿಯ ನಗು ನಿಂತಿತು. ತನ್ನ ಕಾಲ ಕೆಳಗಿನ ನೆಲವನ್ನು ಅವಳು ಆಗ ಮೊದಲ ಸಲ ನೋಡಿದಳು.