ಮಣ್ಣಿನ ಗುಬ್ಬಿಗಳ ಪಾಠ

ಟೈಲರಜ್ಜಿ ವಾರವಿಡೀ ಹೊಲಿಗೆ ಮಿಷನ್ ತುಳಿದು, ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆ ಪಾಠದ ಜೀವಾಳ ಒಂದೇ ಕಥೆ: ಬಾಲ ಯೇಸು ಮಣ್ಣಿನಲ್ಲಿ ಗುಬ್ಬಿಗಳನ್ನು ಮಾಡಿ, ಚಪ್ಪಾಳೆ ತಟ್ಟಿ ಹಾರಿಸಿದ್ದು. ಮಕ್ಕಳ ಚಪ್ಪಾಳೆಗೆ ಕಿಟಕಿ ಅದುರುತ್ತಿತ್ತು.

ಹೊಸ ಪಾದ್ರಿ ಓದಿಕೊಂಡವರು. ಅದನ್ನು ನಡಿಗೆಯಲ್ಲೇ ತಿಳಿಸುತ್ತಿದ್ದರು. "ಅಮ್ಮಾ, ಅದು ಬೈಬಲಿನಲ್ಲಿಲ್ಲ. ಬೈಬಲ್ ಜೋಡಿಸುವಾಗ ಹಿಂದಿನವರು ಬೇಡವೆಂದು ಹೊರಗಿಟ್ಟ ಬರಹದ್ದು. ಹೇಳಬೇಡಿ."

ಅಜ್ಜಿಯ ಮುಖ ಸಣ್ಣಗಾಯಿತು. ಆ ಕಥೆಯಿಲ್ಲದೆ ಮಕ್ಕಳು ಬರುವುದೇ ಅನುಮಾನ. "ಬೈಬಲಿನಲ್ಲಿಲ್ಲ ಅಂತ ಮೊದಲೇ ಒಪ್ಪಿಕೊಂಡು ಹೇಳಲಾ, ಅಯ್ಯನವರೇ?" ಎಂದು ಗೋಗರೆದಳು. ಪಾದ್ರಿ ದೊಡ್ಡ ಮನಸ್ಸು ಮಾಡಿದರು.

ಮುಂದಿನ ಭಾನುವಾರ ಅಜ್ಜಿ ಹಾಗೆ ಒಪ್ಪಿಕೊಂಡಿದ್ದೇ ತಡ, ಆಕಳಿಸುತ್ತಿದ್ದ ಮಕ್ಕಳೂ ಕಿವಿ ನಿಮಿರಿಸಿದರು. "ಅಜ್ಜೀ, ಬೈಬಲಿನಲ್ಲಿ ಇಲ್ಲದ್ದು ಇನ್ನೇನೇನಿದೆ?"

ಅವಳಿಗೇನು ಗೊತ್ತು? ಬೈಸಿಕೊಳ್ಳಲು ಸಿದ್ಧಳಾಗಿಯೇ ಪಾದ್ರಿಯ ಬಾಗಿಲು ತಟ್ಟಿ, ಮಕ್ಕಳ ಪ್ರಶ್ನೆ ಮುಂದಿಟ್ಟಳು.

ಪಾದ್ರಿ ಗಂಟಲು ಸರಿಮಾಡಿಕೊಂಡರು. ಹೊರಗಿಟ್ಟ ಆ ಬರಹಗಳನ್ನು ಅವರು ವರ್ಷಗಟ್ಟಲೆ ಓದಿದ್ದರು; ಕೇಳುವವರು ಮಾತ್ರ ಈವರೆಗೆ ಒಬ್ಬರೂ ಸಿಕ್ಕಿರಲಿಲ್ಲ.

"ಶಿಷ್ಯ ಯೋಹಾನ ಗದರಿದ್ದಕ್ಕೆ ತಿಗಣೆಗಳೆಲ್ಲ ಮಂಚ ಬಿಟ್ಟು ಬಾಗಿಲಾಚೆ ಕಾದು ನಿಂತಿದ್ದು ಗೊತ್ತಾ, ಅಮ್ಮಾ?" ಎನ್ನುತ್ತಾ ಅಜ್ಜಿಗೊಂದು ಕುರ್ಚಿ ಎಳೆದರು.