ನನ್ನ ತೂಕದ ಬೆಲ್ಲ

ಅರಕೆರೆಯ ನಮ್ಮ ಆಲೆಮನೆಯ ದೊಡ್ಡ ತಕ್ಕಡಿಯಲ್ಲಿ ನಾನು ಕುಕ್ಕರುಗಾಲಲ್ಲಿ ಕೂತಿದ್ದಾಗಲೇ ಅಜ್ಜಿ ಓಡಿಬಂದು ಎದುರು ತಟ್ಟೆಯ ಬೆಲ್ಲಕ್ಕೆ ಕುಂಕುಮ ಇಟ್ಟುಬಿಟ್ಟಳು. "ತುಲಾಭಾರ ಆಗೋಯ್ತು ಕಣ್ಲಾ! ಇನ್ನೀ ಬೆಲ್ಲ ಕರಿಘಟ್ಟದ ದೇವ್ರುದು."

ತುಲಾಭಾರ ಎಲ್ಲಿಂದ ಬಂತು? ವಿಲಾಯಿತಿಯಲ್ಲಿ ಎಂ.ಎ. ಓದಲು ಹಾಕುವ ಅರ್ಜಿಯ ಆರೋಗ್ಯದ ಪುಟದಲ್ಲಿ ಮೈತೂಕ ಬರೆಯಬೇಕಿತ್ತು. ತೂಕದ ಕಲ್ಲು ಸಾಲದೆ ಅಪ್ಪ, ಆಗಲೇ ತೂಗಿಟ್ಟಿದ್ದ ಬೆಲ್ಲ ಪೇರಿಸಿದ್ದರು, ಅಷ್ಟೇ. ಆ ಬೆಲ್ಲ ಮಾರಿಯೇ ಅರ್ಜಿಯ ಫೀಸು ಕಟ್ಟಬೇಕಿತ್ತು! ರೇಗಿದೆ, ಗೋಗರೆದೆ. ಕುಂಕುಮ ಬಿದ್ದದ್ದನ್ನು ಮಾರುವ ಧೈರ್ಯ ಅಪ್ಪನಿಗೆಲ್ಲಿ? ಬೆಲ್ಲದ ಗಾಡಿ ಕರಿಘಟ್ಟದ ಬೆಟ್ಟಕ್ಕೆ ಹೋಯಿತು.

ಅರ್ಜಿ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಮೊನ್ನೆ ಬೆಟ್ಟದಲ್ಲಿ ಆ ಬೆಲ್ಲದ ಪಾನಕ ಹಂಚಿದರು. "ಕುಡಿ ಮಗ, ನೀನು ವಿಲಾಯ್ತಿಗೆ ಓಗ್ಲಿ ಅಂತ್ಲೇ ಒಪ್ಸಿದ್ದು" ಎಂದು ಅಜ್ಜಿ ಲೋಟ ಚಾಚಿದಳು. ಕುಡಿದೆ. ನನ್ನ ಫೀಸು ಬಲು ಸಿಹಿಯಾಗಿತ್ತು.